ಗಿಟಾರ್ ಅಣ್ಣನ ಎರಡು ಕೈ

ಹೋದ ವಾರ ಸೇಡಂನ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಮನೆಯ ಮಿಕ್ಸರ್ ಒಯ್ದಿದ್ದೆ. ಅಂಗಡಿಯವನು ಅದರ ತಳ ಬಿಚ್ಚಿ, ಕಡಿದುಹೋಗಿದ್ದ ತಂತಿಗೆ ಬೆಸುಗೆ ಹಾಕತೊಡಗಿದ. ಕಾದ ಕಡ್ಡಿ ರಾಳಕ್ಕೆ ಮುಟ್ಟಿದ್ದೇ ತಡ, ಬಿಳಿ ಹೊಗೆಯ ಒಂದೆಳೆ ಮೇಲೆದ್ದು ನನ್ನ ಮುಖಕ್ಕೆ ಬಂತು. ಸುಟ್ಟ ರಾಳದ ವಾಸನೆ... ಗಂಟಲಲ್ಲಿ ಕೂತುಬಿಟ್ಟರೆ ಸಂಜೆಯವರೆಗೂ ಏಳುವುದಿಲ್ಲ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಹೊಗೆ ನನಗೆ ಆಗಿಬರುವುದಿಲ್ಲವೆಂದು ತಿಳಿದು ಅವನು ಫ್ಯಾನಿನ ಮುಖ ನನ್ನ ಕಡೆ ತಿರುಗಿಸಿದ. ಹಾಗೇನೂ ಇರಲಿಲ್ಲ. ವಾಡಿಯ ಒಂದು ತಗಡಿನ ಕೋಣೆ ಕಣ್ಣ ಮುಂದೆ ಬಂದು ನಿಂತಿತ್ತು, ಅಷ್ಟೆ.

ಅದು ಗಿಟಾರ್ ಅಣ್ಣನ ಕೋಣೆ. ಸಿಮೆಂಟ್ ಕಾರ್ಖಾನೆಯ ಕೂಲಿಕಾರರ ಸಾಲುಮನೆಗಳ ಹಿಂದೆ, ಕಟ್ಟಿಗೆ ಇಡಲೆಂದು ಅವನ ತಾಯಿ ಹಾಕಿಸಿದ ಶೆಡ್ಡು. ಕಟ್ಟಿಗೆ ಹೊರಗೆ ಬಿದ್ದು ಅದರ ಜಾಗದಲ್ಲಿ ಆಂಪ್ಲಿಫೈಯರು, ಸ್ಪೀಕರು, ವೈರಿನ ಸಿಂಬೆಗಳು ಬಂದಿದ್ದವು. ಹಳೆಯ ರೇಡಿಯೋ, ಟೇಪ್ ರಿಕಾರ್ಡರುಗಳನ್ನು ಒಡೆದು ಜೋಡಿಸಿ ಎಲ್ಲವನ್ನೂ ಅವನೇ ಮಾಡಿಕೊಂಡಿದ್ದ. ತಂದೆ ಕಾರ್ಖಾನೆಯ ಭಟ್ಟಿಯ ಹತ್ತಿರ ಕೂಲಿ ಮಾಡುತ್ತಿದ್ದು ತೀರಿಹೋಗಿದ್ದ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಬುದ್ಧನ ಒಂದು ಕ್ಯಾಲೆಂಡರ್, ಅವೆರಡರ ನಡುವೆ ಮೊಳೆಗೆ ತೂಗುಹಾಕಿದ ಕೆಂಪು ಗಿಟಾರು.

ಗಿಟಾರು ಅವನಿಗೆ ದಕ್ಕಿದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಕ್ರಿಶ್ಚಿಯನ್ ಇಂಜಿನ್ ಡ್ರೈವರರಿಂದ. ಅವರೇ ಕಲಿಸಿದ್ದು. ವರ್ಗವಾಗಿ ಹೋಗುವಾಗ ಅದನ್ನೂ ಒಂದು ಚೀಲ ಕ್ಯಾಸೆಟ್ಟನ್ನೂ ಬಿಟ್ಟು ಹೋದರಂತೆ. ಕ್ಯಾಸೆಟ್ಟಿನಲ್ಲಿದ್ದದ್ದು ಇಂಗ್ಲಿಷ್ ರಾಕ್ ಸಂಗೀತ. ಮಾತು ಒಂದೂ ತಿಳಿಯದಿದ್ದರೂ ಅದರಲ್ಲಿನ ಸಿಟ್ಟು ಮಾತ್ರ ಬರೋಬರಿ ತಿಳಿಯುತ್ತಿತ್ತು ಎಂದು ಅವನು ಹೇಳುತ್ತಿದ್ದ. ಡ್ರೈವರರ ದೆಸೆಯಿಂದ ಮೊದಲು ಚರ್ಚಿನ ಗಾಯನ ಮಂಡಳಿಯಲ್ಲಿ ನುಡಿಸಿದ. ಪ್ರಾರ್ಥನೆಯ ನಡುವೆ ಗಿಟಾರನ್ನು ಕೂಗಾಡಿಸಿದ್ದಕ್ಕೆ ಅಲ್ಲಿಂದ ಬಿಡಿಸಿದರು. ಆಮೇಲೆ ಮದುವೆ ಮೆರವಣಿಗೆಯ ಬ್ಯಾಂಜೋ ಪಾರ್ಟಿ ಸೇರಿದ. ಗಂಡಿನ ಕಡೆಯ ಒಬ್ಬ ಬರಾತಿ ಕುಣಿಯುತ್ತ ಬಂದು ಇವನ ಆಂಪ್ಲಿಫೈಯರಿನ ಮೇಲೆ ದಾರೂ ಸುರಿದಾಗ ಅವನ ತಲೆ ಹಿಡಿದು ತಳ್ಳುಗಾಡಿಗೆ ಗುದ್ದಿಸಿದ. ಅಲ್ಲಿಗೆ ಅದೂ ಮುಗಿಯಿತು. ನಾನು ಅವನನ್ನು ಕಾಣುವ ಹೊತ್ತಿಗೆ ಅವನು ಶಹಾಬಾದಿನ ಒಂದು ಆರ್ಕೆಸ್ಟ್ರಾದಲ್ಲಿದ್ದ.

ನಮ್ಮದು ಚಿತ್ತಾಪುರದ ವೈಷ್ಣವರ ಮನೆ. ಅಪ್ಪ ಶಾಲೆಯ ಮಾಸ್ತರರು. ಕಾಕಾ, ಅಂದರೆ ಅಪ್ಪನ ತಮ್ಮ, ಗುಡಿಯ ಪೂಜೆ ನೋಡಿಕೊಂಡು ಕಚೇರಿಯೊಂದರಲ್ಲಿ ಕೆಲಸಕ್ಕಿದ್ದರು. ನನಗೆ ಹಾಡು ಬಂದದ್ದು ಅಪ್ಪನಿಂದ. ಕಾಲೇಜಿನ ಒಂದು ಸಮಾರಂಭದಲ್ಲಿ ನನ್ನ ಹಾಡು ಕೇಳಿ ಆರ್ಕೆಸ್ಟ್ರಾದ ಮಾಲಕರು ಮನೆಗೇ ಬಂದು ಕೇಳಿದರು. ತಮ್ಮ ಹೆಂಡತಿ ಸದಾ ಜೊತೆಗಿರುತ್ತಾಳೆ ಎಂದರು. ಅಪ್ಪ ಹೂಂ ಅಂದರು. ಕಾಕಾ ಎದ್ದು ಹೊರಗೆ ಹೋಗಿ ಬಾಗಿಲನ್ನು ಚೌಕಟ್ಟಿಗೆ ಬಡಿಯುವಂತೆ ಎಳೆದುಕೊಂಡರು.

ತಾಲೀಮು ನಡೆಯುತ್ತಿದ್ದದ್ದು ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಹಿಂದಿನ ಕೋಣೆಯಲ್ಲಿ. ಆಚೆ ಫರಸಿ ಕಲ್ಲು ಕೊಯ್ಯುವ ಚಕ್ರ ತಿರುಗುತ್ತಿತ್ತು. ಅದು ಕಲ್ಲಿಗೆ ತಾಗಿದಾಗ ಏಳುವ ದನಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ನಾನು ಮೊದಲ ದಿನ ಹಾಡು ನಿಲ್ಲಿಸಿ ಕಿವಿ ಮುಚ್ಚಿಕೊಂಡೆ. ಮೂಲೆಯಲ್ಲಿ ಕೂತಿದ್ದ ಅಣ್ಣ ಒಂದು ತಂತಿ ಎಳೆದ. ಆಚೆಯ ಚಕ್ರದ ದನಿಯೇ ಗಿಟಾರಿನಿಂದ ಬಂತು, ಅದೇ ಏರು, ಅದೇ ಕೊರೆತ. ಎರಡೂ ಕೂಡಿ ಒಂದಾಗಿ, ಕಡೆಗೆ ಚಕ್ರ ನಿಂತ ಮೇಲೂ ಇವನದು ಉಳಿಯಿತು. ಸಣಕಲು ಮೈಯ, ಒಣಗಿದ ಮುಖದ ಆ ಮನುಷ್ಯ ತಲೆ ಎತ್ತದೆ ಹೇಳಿದ.

"ಈಗ ಹಾಡ್ರಿ ಅಕ್ಕೋರ. ಅದು ಇನ್ನ ನಿಮಗ ಕಾಡಂಗಿಲ್ಲ."

ನನಗಿಂತ ನಾಲ್ಕಾರು ವರ್ಷ ದೊಡ್ಡವನಾದರೂ ಬಹಳ ದಿನ ನನ್ನನ್ನು ಅಕ್ಕೋರ ಎಂದೇ ಕರೆದ. ನಾನು ಅಣ್ಣಾ ಎನ್ನುತ್ತಿದ್ದೆ. ಸಿನಿಮಾ ಹಾಡುಗಳನ್ನು ಅವನು ಮಾಲಕರು ಹೇಳಿದ ಹಾಗೆ ನುಡಿಸುತ್ತಿದ್ದ. ಪಲ್ಲವಿ ಮುಗಿದು ಚರಣ ಶುರುವಾಗುವ ನಡುವಿನ ಜಾಗ ಸಿಕ್ಕಾಗ ಮಾತ್ರ ಹಗ್ಗ ಹರಿದುಕೊಳ್ಳುತ್ತಿದ್ದ. ಮದುವೆಯ ಮಂದಿ ಊಟದ ಎಲೆಯಿಂದ ತಲೆ ಎತ್ತಿ ನೋಡುತ್ತಿದ್ದರು. ಕೆಲವರು ನಗುತ್ತಿದ್ದರು. ಮಾಲಕರು ಹಲ್ಲು ಕಚ್ಚುತ್ತಿದ್ದರು.

ಚಿಂಚೋಳಿಯ ಆ ಮದುವೆ...

ಸಂಜೆಯ ಆರತಕ್ಷತೆ. ಊರ ಹೊರಗೆ ದೊಡ್ಡ ಪೆಂಡಾಲು. ನಾನು ನಾಲ್ಕನೆಯದೋ ಐದನೆಯದೋ ಹಾಡು ಹಾಡುತ್ತಿದ್ದಾಗ ವರನ ಕಡೆಯ ಒಬ್ಬ ದಪ್ಪನೆಯ ಮನುಷ್ಯ ಕುಡಿದು ವೇದಿಕೆ ಹತ್ತಿದ. ನನ್ನ ಎದುರು ಕುಣಿದ. ಮಾಲಕರು ನಗುನಗುತ್ತಲೇ ಅವನನ್ನು ಇಳಿಸಲು ನೋಡಿದರು. ಅವನು ಅವರನ್ನು ಆಚೆ ನೂಕಿ ನನ್ನ ಮಣಿಕಟ್ಟು ಹಿಡಿದು ಎಳೆದ. ಬಳೆ ಒಡೆದು ಕೈಯೊಳಗೆ ಹೋಯಿತು. ನಾನು ಕೂಗಿದೆನೋ ಇಲ್ಲವೋ ತಿಳಿಯದು. ಗಿಟಾರಿನ ದನಿ ಕಡಿಯಿತು. ಅಣ್ಣ ಕೊರಳಿನ ಪಟ್ಟಿಯಿಂದ ತಲೆ ಹೊರಗೆಳೆದು, ಗಿಟಾರನ್ನು ಕುತ್ತಿಗೆಯ ಹತ್ತಿರ ಎರಡೂ ಕೈಯಿಂದ ಹಿಡಿದು, ಕೊಡಲಿ ಬೀಸಿದ ಹಾಗೆ ಅದರ ಬುಡವನ್ನು ಆ ಮನುಷ್ಯನ ಬಾಯಿಗೆ ಬೀಸಿದ. ಒಣ ತೆಂಗಿನಕಾಯಿ ಒಡೆದಂಥ ಸಪ್ಪಳ. ಆ ಮನುಷ್ಯ ಮೊಣಕಾಲೂರಿ ಕೂತು ತನ್ನ ಬೊಗಸೆಯೊಳಗೆ ಹಲ್ಲು ಉಗುಳಿದ. ಅಣ್ಣ ಅಷ್ಟಕ್ಕೆ ಬಿಡಲಿಲ್ಲ. ಇನ್ನೊಮ್ಮೆ ಬೀಸಿದ್ದು ಹೆಗಲಿಗೆ ಬಿತ್ತು. ಅವನ ಮುಖದಲ್ಲಿ ಸಿಟ್ಟೂ ಕಾಣಲಿಲ್ಲ ನನಗೆ. ತಂತಿ ಬಿಗಿಮಾಡುವಾಗ ಇರುತ್ತಿದ್ದ ಮುಖವೇ ಇತ್ತು. ಅದನ್ನು ನೋಡಿಯೇ ನಾನು ಹೆಚ್ಚು ಹೆದರಿದ್ದು.

ಆಮೇಲೆ ಕುರ್ಚಿಗಳು ಹಾರಿಬಂದವು. ಟ್ಯೂಬ್‌ಲೈಟುಗಳು ಒಂದರ ಹಿಂದೊಂದು ಸಿಡಿದವು. ಡ್ರಮ್ ಬಾರಿಸುವವನ ಕಿವಿ ಹರಿಯಿತು. ಮಾಲಕರ ಹೆಂಡತಿ ನನ್ನನ್ನು ತಬ್ಬಿಕೊಂಡು ಟೆಂಪೋದೊಳಗೆ ದೂಡಿದರು. ಸೇಡಂ ಕಡೆಯ ದಾರಿಗೆ ವರನ ಕಡೆಯ ಮಂದಿ ಅಡ್ಡ ನಿಂತಿದ್ದರಿಂದ ಟೆಂಪೋ ತಿರುಗಿ ಅಡವಿಯ ದಾರಿ ಹಿಡಿಯಿತು. ಹಿಂದಿನಿಂದ ಬಂದ ಕಲ್ಲುಗಳು ತಗಡಿಗೆ ಬಡಿಯುತ್ತಲೇ ಇದ್ದವು.

ಇನ್ನೂ ಸ್ವಲ್ಪ ಬೆಳಕಿರುವಾಗ ಚಂದ್ರಂಪಳ್ಳಿಯ ಕಾಲುವೆಯ ಹತ್ತಿರ ನಿಂತೆವು. ಅಣ್ಣ ನೀರಿಗಿಳಿದು ಗಿಟಾರಿನ ರಕ್ತ ತೊಳೆದ. ಆಮೇಲೆ ನನ್ನ ಕೈ ಹಿಡಿಯದೆ, ದೂರದಿಂದಲೇ ನೀರು ಹಾಕಿ, ಬಳೆಚೂರು ನೀವೇ ತೆಗೆದುಕೊಳ್ಳಿರಿ ಎಂದ. ಅಷ್ಟೊಂದು ಯಾಕೆ ಹೊಡೆದೆ, ಒಂದೇ ಏಟಿಗೆ ಅವನು ಬಿದ್ದಿದ್ದನಲ್ಲ ಎಂದು ನಾನು ಕೇಳಿದೆ. ಅವನು ಕಾಲುವೆಯ ಕಟ್ಟೆಯ ಮೇಲೆ ಕೂತ.

"ಊರಾಗ ನಮ್ಮಪ್ಪ ಕೈ ಮುಗುದು ನಿಂತಿದ್ದಾ ಅಕ್ಕೋರ. ಮುಗುದ ಕೈ ಮ್ಯಾಲೇ ಬಡದ್ರು. ನಾ ಬಾಜೂಕ ನಿಂತು ನೋಡೀನಿ. ಅವತ್ತೇ ವಾಡಿಗಿ ಬಂದ್ವಿ. ನನಗ ಕೈ ಮುಗ್ಯಾಕ ಬರಂಗಿಲ್ಲ."

ಏನಕ್ಕಾಗಿ ಹೊಡೆದರು ಎಂದು ನಾನು ಕೇಳಲಿಲ್ಲ. ಅವನ ತಂದೆ ತನ್ನ ಮದುವೆಯ ಮಂಚವನ್ನು ಮನೆಯ ಮುಂದೆ ಹಾಕಿಕೊಂಡು ಅದರ ಮೇಲೆ ಕೂತಿದ್ದ, ಅಷ್ಟೇ ಎಂಬುದು ಬಹಳ ವರ್ಷಗಳ ಮೇಲೆ ಅವನ ತಾಯಿಯಿಂದ ಗೊತ್ತಾಯಿತು.

ಮರುದಿನವೇ ಮಾಲಕರು ಅವನನ್ನು ಬಿಡಿಸಿದರು. ಚಿಂಚೋಳಿಯವರ ಜೊತೆ ಏನೇನೋ ಮಾತಾಡಿ ಕೇಸು ಆಗದಂತೆ ನೋಡಿಕೊಂಡರೆಂದು ಕೇಳಿದೆ. ನನ್ನನ್ನು ಇರು ಎಂದರು. ನಾನೂ ಬಿಟ್ಟೆ. ಅಪ್ಪನಿಗೆ ಹೇಳಿದ್ದು ಗಂಟಲು ಸರಿಯಿಲ್ಲ ಎಂದು. ಆದರೆ ಚಿಂಚೋಳಿಯ ಸುದ್ದಿ ಚಿತ್ತಾಪುರಕ್ಕೆ ನನಗಿಂತ ಮೊದಲೇ ಬಂದಿತ್ತು. ಬರುವಾಗ ದಾರಿಯಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ಒಂದು ಹುಡುಗಿಗಾಗಿ ಒಬ್ಬ ಹೊಡೆದಾಡಿದ, ಹುಡುಗಿ ನಮ್ಮವರಾಕೆ, ಅವನು ಇಂಥ ಜಾತಿಯವನು. ಕಾಕಾನ ಕಿವಿಗೆ ಬಿದ್ದದ್ದು ಇಷ್ಟು.

ಅಣ್ಣನನ್ನು ಕಲಬುರಗಿಯ ಕಾಲೇಜು ಹುಡುಗರ ಒಂದು ರಾಕ್ ಬ್ಯಾಂಡು ಕರೆದುಕೊಂಡಿತು. ಉಳ್ಳವರ ಮಕ್ಕಳು. ಹೊಸ ಗಿಟಾರು, ಹೊಸ ಡ್ರಮ್ಮು. ಮೊದಮೊದಲು ಅವನಿಗೆ ಬಹಳ ಖುಷಿ. ತನ್ನ ಕ್ಯಾಸೆಟ್ಟಿನಲ್ಲಿದ್ದಂಥದ್ದನ್ನೇ ನುಡಿಸುವ ಮಂದಿ ಸಿಕ್ಕಿದ್ದಾರೆಂದು ವಾಡಿಯಿಂದ ಫೋನು ಮಾಡಿ ಹೇಳಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ಮುರಿಯಿತು. ಅವನ ಇಂಗ್ಲಿಷ್ ಉಚ್ಚಾರವನ್ನು ಅವರು ಅಣಕಿಸುತ್ತಿದ್ದರಂತೆ. ಅದನ್ನು ನುಂಗಿಕೊಂಡ. ಒಂದು ದಿನ ಹಾಡುವ ಹುಡುಗ, ನೀನು ಹಲಿಗೆ ಬಾರಿಸುವವರ ಮನೆಯವನಲ್ಲವೇ, ಕೈಯಲ್ಲಿ ಅದೇ ಲಯ ಅದ, ಎಂದು ನಕ್ಕ. ಅಣ್ಣ ಗಿಟಾರಿನ ವೈರನ್ನು ಅವನ ಕೊರಳಿಗೆ ಸುತ್ತಿ ಎಳೆದ. ಉಳಿದವರು ಬೆನ್ನಿಗೆ ಮೈಕಿನ ಸ್ಟ್ಯಾಂಡಿನಿಂದ ಹೊಡೆಯುತ್ತಿದ್ದರೂ ಬಿಟ್ಟಿರಲಿಲ್ಲವಂತೆ. ಹುಡುಗನ ಕಣ್ಣು ಮೇಲೆ ಸಿಕ್ಕಿಕೊಂಡಾಗ ತಾನೇ ಬಿಟ್ಟ. ಇದನ್ನು ನನಗೆ ಹೇಳುವಾಗ ಅವನು ಅಂಗಿ ಎತ್ತಿ ಬೆನ್ನು ತೋರಿಸಿದ. ಬರೆಗಳು ಕಪ್ಪಾಗಿದ್ದವು. ಹಲಿಗೆ ಅಂದದ್ದಕ್ಕೆ ತನಗೆ ಸಿಟ್ಟು ಬರಲಿಲ್ಲ, ತನ್ನ ಅಜ್ಜ ಹಲಿಗೆಯನ್ನು ಭಾಳ ಚಂದ ಬಾರಿಸುತ್ತಿದ್ದ, ನಕ್ಕದ್ದಕ್ಕೆ ಸಿಟ್ಟು ಬಂತು ಎಂದ.

ಹಾಗೆ ಒಬ್ಬನೇ ಆದ. ಒಬ್ಬನೇ ಆದಮೇಲೆ ಅವನು ನುಡಿಸಿದ್ದನ್ನು ಮರೆಯಲಾರೆ. ವಾಡಿಯ ಸಾಲುಮನೆಗಳ ಮುಂದಿನ ಬಯಲಿನಲ್ಲಿ ಬಾಬಾಸಾಹೇಬರ ಜಯಂತಿಯ ಕಾರ್ಯಕ್ರಮ. ಅಪ್ಪನ ಅಪ್ಪಣೆ ಪಡೆದೇ ಹೋಗಿದ್ದೆ. ಭಾಷಣಗಳು ಮುಗಿದ ಮೇಲೆ ಒಬ್ಬನೇ ನಿಂತ. ಹಾಡಿಲ್ಲ, ತಬಲಾ ಇಲ್ಲ. ಗಿಟಾರಿನೊಳಗಿಂದ ಕಾರ್ಖಾನೆಯ ಸೈರನ್ ಎದ್ದಿತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಂಡವು. ಕಲ್ಲು ಕೊಯ್ದ ಚಕ್ರ ಕೂಗಿತು. ಅವೆಲ್ಲದರ ಕೆಳಗೆ ಅವನ ಅಜ್ಜನ ಹಲಿಗೆ, ತಗ್ಗಿನಲ್ಲಿ, ಬಿಡದೆ. ಮುಂದೆ ಕೂತ ಹೆಂಗಸರು ಮೊದಲು ಹೆದರಿ ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಅಲ್ಲಾಡಲಿಲ್ಲ. ಪಾಳಿ ಮುಗಿಸಿ ಬಂದ ಕೂಲಿಕಾರರು ಸಿಮೆಂಟಿನ ಮೈಯಲ್ಲೇ ನಿಂತರು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಮುದುಕ ಎದ್ದು ಹೋಗಿ ಅವನ ಕೈ ಮುಟ್ಟಿ ನೋಡಿದ.

ಅದಾದ ಮೇಲೆ ಅವನಿಗೆ ಕರೆಗಳು ಬಂದವು. ಸೇಡಂನಲ್ಲಿ ಒಂದು ದೊಡ್ಡ ಕಾರ್ಯಕ್ರಮಕ್ಕೆ ಒಪ್ಪಿಕೊಂಡ. ಅವನ ತಾಯಿ ನಸುಕಿನಲ್ಲಿ ಬೀಸುತ್ತ ಹಾಡುತ್ತಿದ್ದ ಒಂದು ಪದವಿತ್ತು. ಬೀಸುಕಲ್ಲಿನ ಸಪ್ಪಳಕ ಏಳಬ್ಯಾಡ ನನ ಕಂದ, ಹೊತ್ತು ಮೂಡೂದು ಇನ್ನ ಭಾಳ ದೂರ... ಅದನ್ನು ಗಿಟಾರಿಗೆ ಕೂಡಿಸಿದ್ದ. ಹಾಡಲು ನಾನು ಬೇಕು. ಅದನ್ನು ಕೇಳಲು ಚಿತ್ತಾಪುರಕ್ಕೆ ಬಂದ.

ಹಾಡಹಗಲು. ಪೇಟೆಯ ದಾರಿಯಲ್ಲಿ, ಚಹಾದ ಅಂಗಡಿಯ ಮುಂದೆ ನಿಂತು ಮಾತಾಡುತ್ತಿದ್ದೆವು. ನಮ್ಮಿಬ್ಬರ ನಡುವೆ ಒಂದು ಸೈಕಲ್ಲು ಹೋಗುವಷ್ಟು ಅಂತರವಿತ್ತು. ಕಾಕಾ ಮೂರ್ನಾಲ್ಕು ಮಂದಿಯನ್ನು ಕರೆದುಕೊಂಡು ಬಂದರು. ಒಬ್ಬ ಹಿಂದಿನಿಂದ ಅಣ್ಣನ ಕಾಲಿಗೆ ಹೊಡೆದು ಕೆಡವಿದ. ಇಬ್ಬರು ಬೆನ್ನಿನ ಮೇಲೆ ಕೂತರು. ಇನ್ನೊಬ್ಬ ಅವನ ಎಡಗೈಯನ್ನು, ತಂತಿ ಒತ್ತುವ ಕೈಯನ್ನು, ಚಹಾದ ಅಂಗಡಿಯ ಫರಸಿ ಕಟ್ಟೆಯ ಮೇಲೆ ಚಾಚಿ ಹಿಡಿದ. ಯಾವ ಕೈ ಎಂದು ಕಾಕಾನಿಗೆ ತಿಳಿದಿತ್ತು, ಯಾರನ್ನೋ ಕೇಳಿಯೇ ಬಂದಿದ್ದರು. ಪೂಜೆಯ ಪಂಚೆಯಲ್ಲೇ ಇದ್ದರು. ಒಡೆದ ಫರಸಿಯ ತುಂಡೊಂದನ್ನು ಎರಡೂ ಕೈಯಲ್ಲಿ ಎತ್ತಿದರು.

ನಾನು ಓಡಿ ಅವರ ತೋಳು ಕಚ್ಚಿದೆ. ಹಲ್ಲು ಇಳಿದದ್ದು ನನಗೆ ತಿಳಿಯಿತು. ಯಾರೋ ನನ್ನ ಜಡೆ ಹಿಡಿದು ಹಿಂದಕ್ಕೆಳೆದರು. ಕಲ್ಲು ಬಿತ್ತು. ಮತ್ತೆ ಬಿತ್ತು. ಎಷ್ಟು ಸಲ ಎಂದು ಹೇಳಲಾರೆ... ಅಣ್ಣ ಕೂಗಲಿಲ್ಲ. ಚಹಾದವನು ಕೂಗಿದ. ಅಂಗಡಿಯ ಸ್ಟೋವ್ ಉರಿಯುತ್ತಲೇ ಇತ್ತು, ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿದು ಬಂತು.

ಕಾಕಾ ಮನೆಗೆ ಬಂದು ಸ್ನಾನ ಮಾಡಿದರು. ನಾನು ಹರಿದ ರವಿಕೆಯಲ್ಲೇ ಅಪ್ಪನ ಮುಂದೆ ನಿಂತು, ನಾನು ಠಾಣೆಗೆ ಹೋಗಿ ಹೇಳುತ್ತೇನೆ ಎಂದೆ. ಅಮ್ಮ ನನ್ನ ಕಾಲು ಹಿಡಿಯಲು ಬಂದಳು. ಅಪ್ಪ ಗೂಟದಿಂದ ಅಂಗಿ ತೆಗೆದು ಹಾಕಿಕೊಂಡು, ನಡಿ ಎಂದರು. ನನ್ನ ಸಂಗಡ ನಡೆದು ಬಂದು ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ಕೂತರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಬರೆದುಕೊಂಡರು. ಹೊರಗೆ ಬಂದಾಗ ಊರ ಹಿರಿಯರು ಅಪ್ಪನನ್ನು ಸುತ್ತುವರಿದಿದ್ದರು. ತಮ್ಮನ ಮೇಲೆ ಮಗಳನ್ನು ಬಿಟ್ಟೆಯಾ ಎಂದು ಒಬ್ಬರು ಕೇಳುತ್ತಿದ್ದರು.

"ಆಕಿ ಹಾಡಿದ್ದು ತಪ್ಪಲ್ಲ," ಅಪ್ಪ ಮೆಲ್ಲಗೆ ಹೇಳಿದರು. "ಹೇಳಿದ್ದೂ ತಪ್ಪಲ್ಲ. ಕಲ್ಲು ಎತ್ತಿದಾಂವ ನನ್ನ ತಮ್ಮ. ಅದಕ್ಕ ನಾ ಏನ್ ಮಾಡ್ಲಿರಿ."

ಕಾಕಾನನ್ನು ಒಯ್ದರು, ಆಮೇಲೆ ಜಾಮೀನಿನ ಮೇಲೆ ಬಿಟ್ಟರು. ಕೋರ್ಟು ಎಳೆಯುತ್ತಾ ಹೋಯಿತು. ನಮ್ಮ ಮನೆಯ ನಡುವೆ ಗೋಡೆ ಎದ್ದಿತು. ಅಪ್ಪ ಆಮೇಲೆ ಬದುಕಿರುವವರೆಗೂ ತಮ್ಮನ ಜೊತೆ ಮಾತಾಡಲಿಲ್ಲ. ನನ್ನ ಜೊತೆಗೂ ಮಾತು ಕಡಿಮೆಯಾಯಿತು. ನನಗೆ ಸೇಡಂನ ಶಾಲೆಯಲ್ಲಿ ಹಾಡು ಕಲಿಸುವ ಕೆಲಸ ಸಿಕ್ಕಿ ಅಲ್ಲೇ ಕೋಣೆ ಮಾಡಿಕೊಂಡೆ.

ಅಣ್ಣನ ಎಡಗೈ ಕೂಡಿತು, ಆದರೆ ನಡುವಿನ ಬೆರಳುಗಳು ಮಡಚಲಿಲ್ಲ. ಕೈಯ ಕಟ್ಟು ಬಿಚ್ಚಿದ ದಿನ ಅವನು ಕಬ್ಬಿಣದ ರಾಡು ಹಿಡಿದು ಚಿತ್ತಾಪುರಕ್ಕೆ ಹೊರಟಿದ್ದ. ತಾಯಿ ಬಾಗಿಲಿಗೆ ಅಡ್ಡ ಮಲಗಿದಳಂತೆ. ದಾಟಿ ಹೋಗುವುದಾದರೆ ನನ್ನ ಮೇಲೆ ಕಾಲಿಟ್ಟು ಹೋಗು ಎಂದಳಂತೆ. ಅವನು ರಾಡಿನಿಂದ ತನ್ನದೇ ಆಂಪ್ಲಿಫೈಯರುಗಳನ್ನು ಒಂದೊಂದಾಗಿ ಪುಡಿ ಮಾಡಿದ. ಗಿಟಾರಿನ ಹತ್ತಿರ ಬಂದಾಗ ಕೈ ಏಳಲಿಲ್ಲ.

ನಾನು ವಾಡಿಗೆ ಹೋದಾಗ ಶೆಡ್ಡಿನಲ್ಲಿ ಮತ್ತೆ ರಾಳದ ಹೊಗೆ ತುಂಬಿತ್ತು. ಒಡೆದದ್ದನ್ನು ಕೂಡಿಸುತ್ತಿದ್ದ. ಗಿಟಾರಿನ ತಂತಿಗಳನ್ನೆಲ್ಲ ಬಿಚ್ಚಿ ತಿರುವು ಮುರುವು ಹಾಕಿದ್ದ. ಇನ್ನು ಬಲಗೈ ತಂತಿ ಒತ್ತಬೇಕು, ಎಡಗೈ ಮೀಟಬೇಕು. ಮೀಟುವ ಚೂರನ್ನು ಮಡಚದ ಬೆರಳುಗಳಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿಕೊಂಡಿದ್ದ. ಅ ಆ ಇ ಈ ತಿದ್ದಿದ ಹಾಗೆ ಮೊದಲಿನಿಂದ ಶುರುಮಾಡಿದ. ತಪ್ಪಿದಾಗಲೆಲ್ಲ ತನ್ನ ತೊಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ಬಲಗೈ ಬೆರಳ ತುದಿ ಸೀಳಿ ರಕ್ತ ಬರುತ್ತಿತ್ತು, ಅದರ ಮೇಲೇ ಒತ್ತುತ್ತಿದ್ದ. ಆ ದಿನಗಳಲ್ಲೇ ಅಕ್ಕೋರ ಎನ್ನುವುದನ್ನು ಬಿಟ್ಟು ತಂಗಿ ಎನ್ನತೊಡಗಿದ. ಅವನ ತಾಯಿ ಮಾತ್ರ ನನಗೆ ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ.

ನಿಂತುಹೋಗಿದ್ದ ಸೇಡಂ ಕಾರ್ಯಕ್ರಮ ಎರಡು ವರ್ಷ ತಡವಾಗಿ ನಡೆಯಿತು. ಬಯಲಿನಲ್ಲಿ ವೇದಿಕೆ, ಇಳಿಬಿಸಿಲು, ಜನ ತುಂಬಿದ್ದರು. ಅವನ ತಾಯಿ ಮುಂದೆಯೇ ಕೂತಿದ್ದಳು. ಅಣ್ಣ ಮೊದಲು ಒಬ್ಬನೇ ನುಡಿಸಿದ. ಹೊಸ ಕೈಯ ದನಿ ಹಳೆಯದರಂತೆ ಇರಲಿಲ್ಲ. ಮೊದಲು ಕೊಯ್ಯುತ್ತಿತ್ತು, ಈಗ ಜಜ್ಜುತ್ತಿತ್ತು. ಆಮೇಲೆ ನನ್ನ ಕಡೆ ತಲೆ ಆಡಿಸಿದ. ನಾನು ಬೀಸುವ ಪದ ಎತ್ತಿಕೊಂಡೆ. ಪಲ್ಲವಿಯನ್ನು ಒಮ್ಮೆ ಹಾಡಿದ್ದೆ, ಅವನು ತನ್ನ ಜಾಗಕ್ಕೆ ಬರುತ್ತಿದ್ದ, ಆಗ ಮೊದಲ ಕಲ್ಲು ಬಂತು.

ಅದು ಸ್ಪೀಕರಿಗೆ ಬಡಿಯಿತು. ಎರಡನೆಯದು ಅವನ ಎದೆಗೆ. ಅವನು ನುಡಿಸುತ್ತಲೇ ಇದ್ದ. ನಾನು ಜನರ ಹಿಂದೆ ಕಾಕಾನ ಮಗನನ್ನು ಕಂಡೆ, ಅವನ ಗೆಳೆಯರೂ ಇದ್ದರು. ಅಣ್ಣನೂ ಕಂಡ. ಕಂಡೂ ನುಡಿಸಿದ. ಹಣೆಯ ಮೇಲಿಂದ ರಕ್ತ ಇಳಿದು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ನಿಲ್ಲಿಸಲಿಲ್ಲ. ಈ ಸಲ ಹೊಡೆಯುವುದಿಲ್ಲವೇನೋ ಎಂದುಕೊಂಡೆ. ನನಗೆ ಸಮಾಧಾನವಾಗಿತ್ತು, ಅದೂ ನಿಜ... ಮುಂದಿನ ಕಲ್ಲು ನನ್ನ ಎಡಹುಬ್ಬಿಗೆ ಬಿತ್ತು. ಕಣ್ಣು ಕತ್ತಲಾಗಿ ನಾನು ಕೂತುಬಿಟ್ಟೆ.

ಗಿಟಾರು ನಿಂತಿತು. ಚಿಂಚೋಳಿಯ ಹಾಗೆ ಅದನ್ನು ಬೀಸಲಿಲ್ಲ ಅವನು. ವೈರು ಬಿಚ್ಚಿದ, ಕೊರಳಿನಿಂದ ತೆಗೆದ, ಹಲಗೆಯ ಮೇಲೆ ಮಲಗಿಸಿದ. ಆಮೇಲೆ ವೇದಿಕೆಯಿಂದ ಜಿಗಿದ. ಜನ ದಾರಿ ಬಿಟ್ಟರು. ಕಾಕಾನ ಮಗ ಓಡಲು ಹೋಗಿ ಕುರ್ಚಿಗೆ ತೊಡರಿ ಬಿದ್ದ. ಅಣ್ಣ ಅವನ ಎದೆಯ ಮೇಲೆ ಕೂತ. ಎಡಗೈ ಮುಷ್ಟಿಯಾಗುತ್ತಿರಲಿಲ್ಲ. ಬಲಗೈ ಎತ್ತಿದ.

ಕೈ ಬ್ಯಾಡ ಅಣ್ಣಾ, ಎಂದು ನಾನು ವೇದಿಕೆಯ ಮೇಲಿಂದ ಕೂಗಿದೆ. ಬೇರೆ ಏನೂ ತೋಚಲಿಲ್ಲ, ಕೈ, ಕೈ ಎಂದೇ ಕೂಗಿದೆ. ಅವನು ನನ್ನ ಕಡೆ ನೋಡಿದ. ಕೇಳಿಸಿತ್ತು ಅವನಿಗೆ. ತನ್ನ ಬಲಗೈಯನ್ನೂ ಒಮ್ಮೆ ನೋಡಿಕೊಂಡ. ಆಮೇಲೆ ಅದನ್ನೇ ಮುಷ್ಟಿ ಮಾಡಿ ಬೀಸಿದ. ಆ ಮುಖ ಒಡೆದುಹೋಗುವ ತನಕ, ದವಡೆ ಪಕ್ಕಕ್ಕೆ ಸರಿಯುವ ತನಕ ಗುದ್ದಿದ. ತಪ್ಪಿದ ಒಂದು ಗುದ್ದು ಕೆಳಗಿನ ಕಲ್ಲಿಗೆ ಬಿತ್ತು. ಅದರ ಮೇಲೂ ಅದೇ ಕೈಯಿಂದ ಗುದ್ದಿದ. ಐದಾರು ಮಂದಿ ಕೂಡಿ ಎತ್ತಿದಾಗ ಅವನ ಬೆರಳುಗಳ ಬುಡದ ಎಲುಬು ಚರ್ಮ ಸೀಳಿ ಹೊರಗೆ ಬಂದಿತ್ತು.

ಅವನ ತಾಯಿ ಅವನ ಹತ್ತಿರ ಹೋಗಲಿಲ್ಲ. ವೇದಿಕೆ ಹತ್ತಿ ಬಂದು ಗಿಟಾರನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ನಿಂತಳು.

ಕೇಸಿನ ಮೇಲೆ ಕೇಸಾಯಿತು. ಅವನೂ ಕೆಲವು ತಿಂಗಳು ಒಳಗಿದ್ದು ಬಂದ. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು ರಾಜಿ ಮಾಡಿಸಿದರು. ನಾನು ರಾಜಿಗೆ ಹೋಗಲಿಲ್ಲ. ಅವನು ವಾಡಿಯಿಂದ ರೈಲು ಹತ್ತಿ ಪುಣೆಗೆ ಹೋದ. ಬಲಗೈ ಸೊಟ್ಟಗೆ ಕೂಡಿತ್ತು, ಆದರೂ ಅಷ್ಟಿಷ್ಟು ಹಿಡಿಯುತ್ತಿತ್ತಂತೆ. ಅಲ್ಲಿ ಒಂದೆರಡು ಬ್ಯಾಂಡಿನಲ್ಲಿ ನುಡಿಸಿದ, ಬಿಟ್ಟ, ಒಬ್ಬನೇ ನುಡಿಸಿದ, ಅದನ್ನೂ ಬಿಟ್ಟ. ಆಮೇಲೆ ಸೌಂಡ್ ಸಿಸ್ಟಮ್ ರಿಪೇರಿಗೆ ಕೂತ. ಒಮ್ಮೆ ಫೋನು ಮಾಡಿದ್ದ. ಹೇಗಿದ್ದೀ ಅಣ್ಣಾ ಎಂದೆ.

"ಇಲ್ಲಿ ಆರಾಮ ಅದ ತಂಗಿ. ಯಾರೂ ಕಲ್ಲು ಒಗ್ಯಾಂಗಿಲ್ಲ. ಖರೇ, ನುಡಸ್ಲಿಕ್ಕೂ ಮನಸ ಆಗವಲ್ದು."

ನಾನು ಏನೋ ಬುದ್ಧಿಮಾತು ಹೇಳಲು ಹೋದೆ. ಅವನು ನಕ್ಕು, ನಿನ್ನ ಹುಬ್ಬು ಹ್ಯಾಂಗದ ಎಂದು ಕೇಳಿದ. ಕೂದಲು ಮೂಡಿಲ್ಲ, ಕಾಡಿಗೆ ಹಚ್ಚಿ ಮುಚ್ಚುತ್ತೇನೆ ಎಂದೆ.

ಹೋದ ವರ್ಷ ಪುಣೆಯಲ್ಲೇ ತೀರಿಹೋದ. ಕೆಲಸದ ಮೇಲೆ ಕೂತಲ್ಲೇ ಎದೆ ನಿಂತಿತಂತೆ. ಅಲ್ಲೇ ಮಣ್ಣು ಮಾಡಿದರು. ನನಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಾಡಿಗೆ ಹೋಗಬೇಕೆಂದುಕೊಂಡೆ. ಆ ತಾಯಿಯ ಮುಂದೆ ಹೇಗೆ ನಿಲ್ಲಲಿ ಎಂದು ದಿನ ಮುಂದೂಡಿದೆ. ತಿಂಗಳುಗಳೇ ಹೋದವು...

ರಿಪೇರಿ ಅಂಗಡಿಯಿಂದ ಬಂದ ಮೇಲಿನ ಭಾನುವಾರ, ಅಂದರೆ ಮೊನ್ನೆ, ಹೋದೆ. ಸಾಲುಮನೆಗಳು ಹಾಗೇ ಇವೆ. ಹಿಂದಿನ ಶೆಡ್ಡು ಇಲ್ಲ, ತಗಡನ್ನು ಯಾರೋ ಒಯ್ದಿದ್ದಾರೆ. ಮುದುಕಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕ ಮೇಲೂ ಮೊರದ ಕಡೆಯೇ ನೋಡುತ್ತಿದ್ದಳು. ನಾನು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತೆ. ಒಂದು ಗಾಡಿ ಜಂಕ್ಷನ್ನಿಗೆ ಬಂದು ನಿಂತು ಹೊರಟು ಹೋಯಿತು. ಆಮೇಲೆ ಮಾತಾಡಿದಳು.

"ನೀ ಹಾಡ್ಲಿಲ್ಲಂದ್ರ ಅವ ಬಡೀತಿದ್ದಿಲ್ಲ ಅಂತ ಭಾಳ ವರ್ಷ ನಿನಗ ಬೈಕೋತ ಕುಂತೀನಿ. ಶಾಪಾನೂ ಹಾಕೀನಿ."

ಮೊರದಿಂದ ಚೆಲ್ಲಿದ್ದ ನಾಲ್ಕು ಅಕ್ಕಿಕಾಳನ್ನು ಆರಿಸಿ ನಾನು ಮತ್ತೆ ಅದರೊಳಗೆ ಹಾಕಿದೆ.

"ಪುಣೇದಾಗ ಅವನ ಖೋಲ್ಯಾಗ ಆ ಪದಾನೇ ಹಚ್ಕೊಂಡು ಕೇಳ್ತಿದ್ನಂತ. ಯಾರೋ ಅವತ್ತ ಫೋನಿನಾಗ ತುಂಬಿಕೊಂಡಿದ್ರಂತ. ಅರ್ಧಕ್ಕೇ ನಿಲ್ತದಂತ." ಮುದುಕಿ ಮೊರ ಪಕ್ಕಕ್ಕಿಟ್ಟಳು. "ಅದನ್ನ ಹಾಡು ಯವ್ವಾ."

ಸೇಡಂನ ಆ ದಿನದಿಂದ ನಾನು ಅದನ್ನು ಹಾಡಿರಲಿಲ್ಲ, ಮಕ್ಕಳಿಗೂ ಕಲಿಸಿರಲಿಲ್ಲ. ಕೆಮ್ಮಿ, ತಗ್ಗಿನ ದನಿಯಲ್ಲಿ ಎತ್ತಿಕೊಂಡೆ. ಬೀಸುಕಲ್ಲಿನ ಸಪ್ಪಳಕ ಏಳಬ್ಯಾಡ ನನ ಕಂದ, ಹೊತ್ತು ಮೂಡೂದು ಇನ್ನ ಭಾಳ ದೂರ... ಪಲ್ಲವಿ ಮುಗಿಯಿತು. ನಾನು ನಿಂತೆ. ಬೇಕೆಂದು ನಿಂತದ್ದಲ್ಲ. ಅಲ್ಲಿ ಗಿಟಾರು ಬರಬೇಕು, ಬಂದು ಹೋಗುವ ತನಕ ಹಾಡುವವಳು ಕಾಯಬೇಕು. ಮೈಗೆ ಅದೇ ರೂಢಿಯಾಗಿತ್ತು. ಓಣಿಯಲ್ಲಿ ಯಾರೋ ಕೊಡ ತೊಳೆಯುತ್ತಿದ್ದರು. ನಾನು ಕಾಯುತ್ತಲೇ ಇದ್ದೆ.

ಮುದುಕಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಮುಂದ ಹಾಡು ಮಗಳ," ಎಂದಳು. "ಅವ ಇನ್ನ ಬರಂಗಿಲ್ಲ."